ಓದುಗರ ಪ್ರಶ್ನೆ, ನಮ್ಮ ಉತ್ತರ: ವಿದೇಶದಿಂದ ಬರುವ ಎಲೆಕ್ಟ್ರಾನಿಕ್ ಪಾರ್ಸೆಲ್ಲು

ವಿದೇಶಿ ಜಾಲತಾಣಗಳಿಂದ ಎಲೆಕ್ಟ್ರಾನಿಕ್ ಸಾಮಾನು ತರಿಸಿಕೊಳ್ಳುವ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಪ್ರಶ್ನೆಗಳು ಬೇರೆ ಬೇರೆಯಾದರೂ ಹೆಚ್ಚಿನ ಗೊಂದಲಗಳ ಬೇರು ಒಂದೇ. ಬೆಂಗಳೂರಿನ ಗೋದಾಮಿನಿಂದ ಮನೆಗೆ ಬರುವ ಪೊಟ್ಟಣದ ಮಟ್ಟಿಗೆ ನಾವು ಬರಿಯ ಗ್ರಾಹಕರು. ಷಿಕಾಗೊ ಅಥವಾ ಶೆಂಜೆನ್‌ನಿಂದ ಬರುವ ಪೊಟ್ಟಣದ ಮಟ್ಟಿಗೆ ಕಾನೂನು ನಮ್ಮನ್ನು ಆಮದುದಾರರೆಂದು ಪರಿಗಣಿಸುತ್ತದೆ. ಸುಂಕ, ದಾಖಲೆ, ನಿಷೇಧ, ದಂಡ ಎಲ್ಲವೂ ಪೊಟ್ಟಣದ ಮೇಲೆ ಬರೆದ ಹೆಸರಿನವರ ತಲೆಗೆ ಬರುತ್ತವೆ, ಮಾರಿದವರ ತಲೆಗಲ್ಲ.

ಪ್ರಶ್ನೆ: ನಾನು ಮದುವೆ ಸಮಾರಂಭಗಳ ಛಾಯಾಗ್ರಾಹಕ. ನನಗೆ ಬೇಕಾದ ಒಂದು ಲೆನ್ಸ್ ಇಲ್ಲಿ 74,000 ರೂಪಾಯಿ. ಅಮೆರಿಕದ ಅಂಗಡಿಯ ಜಾಲತಾಣದಲ್ಲಿ ಅದೇ ಲೆನ್ಸ್ ನಮ್ಮ ಲೆಕ್ಕದಲ್ಲಿ 60,000 ರೂಪಾಯಿಗೆ ಸಿಗುತ್ತಿದೆ, ಸಾಗಣೆಗೆ 3,000 ಕೊಟ್ಟರೆ ಸಾಕು ಎನ್ನುತ್ತಾರೆ. ತರಿಸಿದರೆ 11,000 ರೂಪಾಯಿ ಉಳಿಯುವುದಿಲ್ಲವೇ?
— ಛಾಯಾಗ್ರಾಹಕರು, ದಾವಣಗೆರೆ

ಉತ್ತರ: ಉಳಿಯುವುದಿಲ್ಲ, ಕೈಯಿಂದಲೇ ಹೋಗುತ್ತದೆ. ಕಸ್ಟಮ್ಸ್‌ನವರು ಸುಂಕ ಹಾಕುವುದು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಬೆಲೆ, ಸಾಗಣೆ ಮತ್ತು ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ನಿಮ್ಮ ವಿಷಯದಲ್ಲಿ, ವಿಮೆ ಸಾಗಣೆಯಲ್ಲೇ ಸೇರಿದೆ ಎಂದಿಟ್ಟುಕೊಂಡರೆ, ಅದು 63,000 ರೂಪಾಯಿ. ಸಾಗಣೆ ವೆಚ್ಚ ಎಷ್ಟೆಂದು ದಾಖಲೆಯಲ್ಲಿ ಗೊತ್ತಾಗದಿದ್ದರೆ 2007ರ ಮೌಲ್ಯಮಾಪನ ನಿಯಮಗಳ ಪ್ರಕಾರ ವಸ್ತುವಿನ ಬೆಲೆಯ ಶೇ 20ರಷ್ಟನ್ನು ಸಾಗಣೆಯೆಂದೂ ಶೇ 1.125ರಷ್ಟನ್ನು ವಿಮೆಯೆಂದೂ ಸೇರಿಸಿಕೊಳ್ಳುವುದುಂಟು; ಆದ್ದರಿಂದ ಇನ್‌ವಾಯ್ಸ್‌ನಲ್ಲಿ ಸಾಗಣೆಯನ್ನು ಬಿಡಿಸಿ ಬರೆಯುವಂತೆ ಮಾರುವವರನ್ನು ಕೇಳುವುದು ಒಳ್ಳೆಯದು.

ಈ ಮೊತ್ತದ ಮೇಲೆ ಮೊದಲು ಮೂಲ ಸೀಮಾಸುಂಕ, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್, ಇವೆಲ್ಲವೂ ಸೇರಿದ ಒಟ್ಟು ಮೊತ್ತದ ಮೇಲೆ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ) ಬೀಳುತ್ತವೆ. ಸುಂಕದ ಮೇಲೂ ತೆರಿಗೆ ಕಟ್ಟುತ್ತೇವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಸ್ವಂತ ಬಳಕೆಗೆ ತರಿಸುವ ಸಾಮಾನುಗಳಿಗೆ ಸುಂಕಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿರುವುದರಿಂದ ಎರಡು ದರಗಳಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ. ಮೂಲ ಸುಂಕ ಶೇ 20 ಎಂದಾದರೆ ಸುಂಕ 12,600, ಸರ್‌ಚಾರ್ಜ್ 1,260, ಒಟ್ಟು 76,860. ಅದರ ಮೇಲೆ ಶೇ 18ರ ಐಜಿಎಸ್‌ಟಿ 13,834 ರೂಪಾಯಿ 80 ಪೈಸೆ. ಲೆನ್ಸ್ ನಿಮ್ಮ ಕೈ ಸೇರುವಾಗ 90,694 ರೂಪಾಯಿ 80 ಪೈಸೆ ಆಗಿರುತ್ತದೆ. ಮೂಲ ಸುಂಕ ಶೇ 10 ಎಂದಾದರೂ ಇದೇ ಕ್ರಮದಲ್ಲಿ 82,517 ರೂಪಾಯಿ 40 ಪೈಸೆ ಆಗುತ್ತದೆ. ಎರಡೂ ಲೆಕ್ಕದಲ್ಲಿ ದಾವಣಗೆರೆಯ ಅಂಗಡಿಯೇ ಅಗ್ಗ.

ಇದರ ಮೇಲೆ ಸಣ್ಣ ಸಣ್ಣ ಸೇರ್ಪಡೆಗಳಿವೆ. ಡಾಲರಿನಲ್ಲಿ ಪಾವತಿಸಿದಾಗ ಬಹುತೇಕ ಬ್ಯಾಂಕುಗಳು ಕಾರ್ಡಿನ ಮೇಲೆ ವಿದೇಶಿ ವಹಿವಾಟಿನ ಶುಲ್ಕ ಹಾಕುತ್ತವೆ. ಅದು ಶೇ 3.5 ಎಂದಾದರೆ 63,000ಕ್ಕೆ 2,205 ರೂಪಾಯಿ, ಆ ಶುಲ್ಕದ ಮೇಲೆ ಮತ್ತೆ ಜಿಎಸ್‌ಟಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಕೊಂಡೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಬೇಕು. ಪಾವತಿಯ ಪುಟ ‘ರೂಪಾಯಿಯಲ್ಲೇ ಕೊಡುವಿರಾ’ ಎಂದು ಕೇಳಿದರೆ ಒಪ್ಪಬೇಡಿ. ಆ ಪರಿವರ್ತನೆಯ ದರವನ್ನು ಗೊತ್ತು ಮಾಡುವವರು ಮಾರುವವರ ಕಡೆಯವರು, ಅದು ಸಾಮಾನ್ಯವಾಗಿ ನಿಮಗೆ ದುಬಾರಿಯೇ ಬೀಳುತ್ತದೆ. ಕಸ್ಟಮ್ಸ್‌ನವರು ಬಳಸುವ ವಿನಿಮಯ ದರವೂ ಬೇರೆ: ಅವರು ಪರೋಕ್ಷ ತೆರಿಗೆ ಮಂಡಳಿ ಪ್ರಕಟಿಸುವ ದರವನ್ನು ಅನುಸರಿಸುತ್ತಾರೆಯೇ ಹೊರತು ನಿಮ್ಮ ಬ್ಯಾಂಕಿನ ದರವನ್ನಲ್ಲ.

ಹಾಗಾದರೆ ಯಾವಾಗ ತರಿಸಬಹುದು? ಇಲ್ಲಿ ಸಿಗದೇ ಇರುವ ವಸ್ತುವಾದರೆ, ಅಥವಾ ಬೆಲೆಯ ವ್ಯತ್ಯಾಸ ಅರ್ಧಕ್ಕರ್ಧ ಇದ್ದರೆ. ಜರ್ಮನಿಯಂಥ ಐರೋಪ್ಯ ದೇಶಗಳ ಅಂಗಡಿಗಳಲ್ಲಿ ಕಾಣುವ ಬೆಲೆಯಲ್ಲಿ ಅಲ್ಲಿನ ಮೌಲ್ಯವರ್ಧಿತ ತೆರಿಗೆ ಸೇರಿರುತ್ತದೆ, ಜರ್ಮನಿಯಲ್ಲಿ ಅದು ಶೇ 19. ಭಾರತಕ್ಕೆ ಕಳುಹಿಸುವಾಗ ಅದನ್ನು ಕಳೆದು ಕೊಡುವ ಅಂಗಡಿಗಳಿವೆ, ಕೇಳಿ ನೋಡಿ. ಪೆಟ್ಟಿಗೆಯ ಗಾತ್ರವನ್ನೂ ಮರೆಯಬಾರದು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬರುವ ‘ಗಾತ್ರದ ತೂಕ’ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಕೊರಿಯರ್ ಕಂಪನಿಗಳು ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. 40, 30, 25 ಸೆಂಟಿಮೀಟರಿನ ಪೆಟ್ಟಿಗೆಯೊಳಗೆ ಒಂದು ಕಿಲೋ ಸಾಮಾನಿದ್ದರೂ ಬಿಲ್ಲು 6 ಕಿಲೋಗೆ ಬರುತ್ತದೆ. ಆಮೇಲೆ ಸಾಗಣೆಯ ವೆಚ್ಚವೂ ಸುಂಕದ ಲೆಕ್ಕಕ್ಕೆ ಸೇರುವುದರಿಂದ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಒಂದು ಸ್ಮಾರ್ಟ್ ವಾಚ್ ಕಳುಹಿಸುತ್ತೇನೆಂದಿದ್ದಾನೆ. ಪೆಟ್ಟಿಗೆಯ ಮೇಲೆ ‘ಉಡುಗೊರೆ’ ಎಂದು ಬರೆದರೆ 5,000 ರೂಪಾಯಿವರೆಗೆ ಸುಂಕವಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಒಂದು ಕಾಲದಲ್ಲಿ ನಿಜವಾಗಿತ್ತು. ಆ ವಿನಾಯಿತಿಯನ್ನು ವಿದೇಶಿ ಇ-ವಾಣಿಜ್ಯ ತಾಣಗಳು ಮಾರಾಟದ ಸಾಮಾನನ್ನೇ ಉಡುಗೊರೆಯ ಹೆಸರಿನಲ್ಲಿ ಒಳಗೆ ತರಲು ಯಥೇಚ್ಛವಾಗಿ ಬಳಸತೊಡಗಿದವು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2019ರ ಡಿಸೆಂಬರ್ 12ರಂದು ಅಧಿಸೂಚನೆ ಹೊರಡಿಸಿ, ಅಂಚೆ ಅಥವಾ ಕೊರಿಯರ್ ಮೂಲಕ ‘ಉಡುಗೊರೆ’ ಎಂದು ಸಾಮಾನು ಬಿಡಿಸಿಕೊಳ್ಳುವುದನ್ನೇ ನಿಷೇಧಿಸಿತು. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ರಿಯಾಯಿತಿ ಉಳಿಯಿತು. ಅದೂ ರಾಖಿಗೆ ಮಾತ್ರ, ಅದರ ಜೊತೆಗೆ ಬರುವ ಉಡುಗೊರೆಗಲ್ಲ. ವಾಚನ್ನು ಕಳುಹಿಸಬಾರದೆಂದು ಇದರ ಅರ್ಥವಲ್ಲ. ಸ್ವಂತ ಬಳಕೆಯ ವಸ್ತುವೆಂದು ಸರಿಯಾದ ಬೆಲೆ ನಮೂದಿಸಿ ಕಳುಹಿಸಬಹುದು, ಸುಂಕ ನೀವು ಕಟ್ಟಬೇಕು.

ನಿಮ್ಮ ಸ್ನೇಹಿತರು ಮುಂದೆ ಇನ್ನೊಂದು ಸಲಹೆಯನ್ನೂ ಕೊಟ್ಟಾರು: 300 ಡಾಲರಿನ ವಾಚಿಗೆ 20 ಡಾಲರ್ ಎಂದು ಬರೆಸಿ ಎಂದು. ಈ ಮಾತಿಗೆ ಕಿವಿಗೊಡಬೇಡಿ. ಘೋಷಿಸಿದ ಬೆಲೆ ನಂಬುವಂತಿಲ್ಲವೆಂದು ಕಂಡರೆ ಅಧಿಕಾರಿ ಅದನ್ನು ತಿರಸ್ಕರಿಸಿ ತಾವೇ ಬೆಲೆ ನಿಗದಿ ಮಾಡಬಹುದು. ಸುಳ್ಳು ಘೋಷಣೆಯ ಸಾಮಾನನ್ನು 1962ರ ಸೀಮಾಸುಂಕ ಕಾಯಿದೆಯ 111ನೇ ಕಲಮಿನಡಿ ಮುಟ್ಟುಗೋಲು ಹಾಕಿಕೊಳ್ಳಲು, 112ನೇ ಕಲಮಿನಡಿ ದಂಡ ವಿಧಿಸಲು ಅವಕಾಶವಿದೆ. ದಾರಿಯಲ್ಲಿ ಪೆಟ್ಟಿಗೆ ಕಳೆದುಹೋದರೆ ವಿಮೆಯವರು ಕೊಡುವುದೂ ಆ 20 ಡಾಲರನ್ನೇ.

ಚಿಕ್ಕಪ್ಪನ ಮಗ ಸದ್ಯದಲ್ಲೇ ಊರಿಗೆ ಬರುವವನಿದ್ದರೆ ಅವನ ಬ್ಯಾಗಿನಲ್ಲೇ ತರಲಿ. ಪ್ರಯಾಣಿಕರಿಗೆ ಸುಂಕರಹಿತ ಮಿತಿಯೊಂದಿದೆ. 2016ರ ಬ್ಯಾಗೇಜ್ ನಿಯಮಗಳಲ್ಲಿ ಭಾರತೀಯ ನಿವಾಸಿಗಳಿಗೂ ಭಾರತೀಯ ಮೂಲದವರಿಗೂ ಅದನ್ನು 50,000 ರೂಪಾಯಿ ಎಂದು ಇಡಲಾಗಿತ್ತು. ಇಂಥ ಮಿತಿಗಳು ಪರಿಷ್ಕರಣೆಯಾಗುವುದರಿಂದ ಹೊರಡುವ ವಾರದಲ್ಲಿ ಕಸ್ಟಮ್ಸ್ ಇಲಾಖೆಯ ಪ್ರಕಟಣೆಯನ್ನು ನೋಡಿಕೊಳ್ಳಲಿ. 18 ವರ್ಷ ತುಂಬಿದ ಪ್ರಯಾಣಿಕರು ಈ ಮಿತಿಯ ಹೊರತಾಗಿ ಒಂದು ಲ್ಯಾಪ್‌ಟಾಪನ್ನೂ ಸುಂಕವಿಲ್ಲದೆ ತರಬಹುದು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ವಿದೇಶಿ ತಾಣವೊಂದರಲ್ಲಿ ಬಳಸಿದ ಆದರೆ ದುರಸ್ತಿ ಮಾಡಿದ ಲ್ಯಾಪ್‌ಟಾಪು ಬಹಳ ಅಗ್ಗಕ್ಕೆ ಸಿಗುತ್ತಿದೆ. ಜೊತೆಗೆ ಪ್ರಾಜೆಕ್ಟಿಗೆಂದು ಒಂದು ಸಣ್ಣ ಡ್ರೋನನ್ನೂ ತರಿಸಬೇಕೆಂದಿದ್ದೇನೆ.
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎರಡನ್ನೂ ಆರ್ಡರ್ ಮಾಡಬೇಡಿ. ಮಾಡಿದ್ದರೆ ಪೊಟ್ಟಣ ಹೊರಡುವ ಮೊದಲೇ ರದ್ದು ಮಾಡಿ.

ಲ್ಯಾಪ್‌ಟಾಪಿನ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವ ಸುದ್ದಿಯೊಂದಿದೆ. 2023ರ ಆಗಸ್ಟ್ 3ರಂದು ಸರ್ಕಾರ ಲ್ಯಾಪ್‌ಟಾಪು, ಟ್ಯಾಬ್ಲೆಟ್ಟು ಮುಂತಾದವುಗಳ ಆಮದನ್ನು ನಿರ್ಬಂಧಿಸಿದಾಗ, ಅಂಚೆ ಅಥವಾ ಕೊರಿಯರ್ ಮೂಲಕ ಸ್ವಂತಕ್ಕೆ ತರಿಸುವ ಒಂದು ಯಂತ್ರಕ್ಕೆ, ಸುಂಕ ಕಟ್ಟುವ ಷರತ್ತಿನ ಮೇಲೆ, ವಿನಾಯಿತಿ ಕೊಟ್ಟಿತು. ಇ-ವಾಣಿಜ್ಯ ತಾಣದಲ್ಲಿ ಕೊಂಡದ್ದೂ ಅದರಲ್ಲಿ ಸೇರಿದೆ. ಆದರೆ ಆ ವಿನಾಯಿತಿಯನ್ನು ನೆಚ್ಚಿಕೊಂಡು ಹಳೆಯ ಯಂತ್ರ ತರಿಸುವಂತಿಲ್ಲ. ಬಳಸಿದ ವಸ್ತುಗಳ ಆಮದಿಗೆ ವಿದೇಶ ವ್ಯಾಪಾರ ನೀತಿಯಲ್ಲಿ ಬೇರೆಯೇ ಕಲಮು ಇದ್ದು, ಬಳಸಿದ ಕಂಪ್ಯೂಟರು, ಲ್ಯಾಪ್‌ಟಾಪುಗಳು ‘ನಿರ್ಬಂಧಿತ’ ವರ್ಗದಲ್ಲಿವೆ. ಪರವಾನಗಿಯಿಲ್ಲದೆ ಅವು ಒಳಗೆ ಬರುವಂತಿಲ್ಲ. ‘ದುರಸ್ತಿ ಮಾಡಿದ್ದು’, ‘ಹೊಸದರಂತಿದೆ’ ಎಂಬ ವರ್ಣನೆಗಳು ಮಾರಾಟದ ಪುಟಕ್ಕೆ ಚೆನ್ನ, ಕಸ್ಟಮ್ಸ್ ಕಟ್ಟೆಯಲ್ಲಿ ಅವು ಹಳೆಯವೇ. ಇದರ ಹಿಂದೆ ಕಾರಣವೂ ಇದೆ: ಶ್ರೀಮಂತ ದೇಶಗಳ ಇ-ತ್ಯಾಜ್ಯ ‘ಬಳಸಿದ ಸಾಮಾನು’ ಎಂಬ ಹೆಸರಿನಲ್ಲಿ ನಮ್ಮ ಬಂದರುಗಳಿಗೆ ಬಂದು ಬೀಳುವುದನ್ನು ತಡೆಯುವುದು ಇಂಥ ನಿಯಮಗಳ ಉದ್ದೇಶ. ಹಳೆಯ ಫಿಲ್ಮ್ ಕ್ಯಾಮೆರಾ ಸಂಗ್ರಹಿಸುವ ಹವ್ಯಾಸಿಗಳೂ ಈ ಕಲಮನ್ನು ಗಮನದಲ್ಲಿಡಬೇಕು.

ಹೊಸ ಲ್ಯಾಪ್‌ಟಾಪು ತರಿಸುವುದಾದರೆ ಒಂದು ಸೂಕ್ಷ್ಮವಿದೆ. 1996ರಲ್ಲಿ ಸಿಂಗಪುರದಲ್ಲಿ ರೂಪುಗೊಂಡ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತವೂ ಸೇರಿರುವುದರಿಂದ ಲ್ಯಾಪ್‌ಟಾಪಿನ ಸ್ವಂತ ಶೀರ್ಷಿಕೆಯಾದ 8471ರಡಿ ಮೂಲ ಸುಂಕ ಸೊನ್ನೆ. ಐಜಿಎಸ್‌ಟಿ ಮಾತ್ರ ಕಟ್ಟಬೇಕು. ಸ್ವಂತ ಬಳಕೆಯ ಸಾಮಾನ್ಯ ಶೀರ್ಷಿಕೆಯಡಿ ಲೆಕ್ಕ ಹಾಕಿದರೆ ಮೊತ್ತವೇ ಬದಲಾಗುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ಯಾವ ಶೀರ್ಷಿಕೆಯಡಿ ಘೋಷಣೆ ಸಲ್ಲಿಸುತ್ತಿದ್ದೀರಿ ಎಂದು ಕೊರಿಯರ್ ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ, ‘ಬಿಲ್ ಆಫ್ ಎಂಟ್ರಿ’ ಎಂಬ ಆ ಆಮದು ಘೋಷಣೆಯ ಪ್ರತಿ ಪಡೆದುಕೊಳ್ಳಿ. ಆದೇಶದಿಂದ ಅನ್ಯಾಯವಾಗಿದೆ ಎನಿಸಿದರೆ 60 ದಿನಗಳೊಳಗೆ ಮೇಲ್ಮನವಿ ಆಯುಕ್ತರ ಬಳಿ ಹೋಗಬಹುದು. ಪ್ರತಿಯೇ ಕೈಯಲ್ಲಿಲ್ಲದವರು ಯಾವುದನ್ನು ಪ್ರಶ್ನಿಸುತ್ತಾರೆ?

ಡ್ರೋನಿನ ಮಾತು ಚಿಕ್ಕದು. 2022ರ ಫೆಬ್ರುವರಿ 9ರಿಂದ ಪೂರ್ತಿ ಜೋಡಿಸಿದ ಡ್ರೋನಾಗಲಿ, ಬಿಡಿಬಿಡಿಯಾಗಿ ಬರುವ ಕಿಟ್ ಆಗಲಿ ಆಮದಿಗೆ ನಿಷಿದ್ಧ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ, ಅದೂ ಅನುಮತಿಯೊಂದಿಗೆ, ವಿನಾಯಿತಿ. ಬಿಡಿಭಾಗಗಳಿಗೆ ಈ ನಿಷೇಧವಿಲ್ಲ. ನಿಮ್ಮ ಪ್ರಾಜೆಕ್ಟಿಗೆ ಮೋಟಾರು, ನಿಯಂತ್ರಕ ಫಲಕಗಳನ್ನು ತರಿಸಿ ನೀವೇ ಜೋಡಿಸುವುದು ಕಲಿಕೆಯ ದೃಷ್ಟಿಯಿಂದಲೂ ಹೆಚ್ಚು ಲಾಭ. ಆದರೆ ಹಾರಿಸುವ ಮುನ್ನ 2021ರ ಡ್ರೋನ್ ನಿಯಮಗಳನ್ನು ಓದಿಕೊಳ್ಳಿ. ಇದೇ ಸಾಲಿನಲ್ಲಿ ಹೇಳಿಬಿಡುತ್ತೇನೆ: ಇ-ಸಿಗರೇಟು 2019ರ ಕಾಯಿದೆಯಿಂದ ಪೂರ್ಣ ನಿಷಿದ್ಧ, ಮೊಬೈಲ್ ಜಾಮರ್ ಮತ್ತು ಉಪಗ್ರಹ ಫೋನುಗಳಿಗೆ ಸರ್ಕಾರದ ಅನುಮತಿ ಬೇಕು. ವಾಕಿಟಾಕಿಯಂಥ ರೇಡಿಯೊ ತರಂಗದ ಉಪಕರಣಗಳಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆಯ ಪ್ರಶ್ನೆ ಬರುತ್ತದೆ. ವಿದೇಶಿ ತಾಣದ ಬುಟ್ಟಿಗೆ ಇವನ್ನೆಲ್ಲ ಸೇರಿಸಲು ಯಾರೂ ತಡೆಯುವುದಿಲ್ಲ. ಅಷ್ಟರಿಂದಲೇ ಅವು ಇಲ್ಲಿ ನ್ಯಾಯಬದ್ಧವಾಗುವುದೂ ಇಲ್ಲ.

ಪ್ರಶ್ನೆ: ಪವರ್ ಬ್ಯಾಂಕ್ ಆರ್ಡರ್ ಮಾಡಿದಾಗಲೆಲ್ಲ ವಿದೇಶಿ ಮಾರಾಟಗಾರರು ‘ನಿಮ್ಮ ವಿಳಾಸಕ್ಕೆ ಕಳುಹಿಸಲಾಗದು’ ಎಂದು ರದ್ದು ಮಾಡುತ್ತಾರೆ. ಅದೇ ಅಂಗಡಿ ಬ್ಯಾಟರಿ ಇರುವ ಫೋನನ್ನು ಮಾತ್ರ ಕಳುಹಿಸುತ್ತದೆ. ಇದೇಕೆ?
— ಓದುಗರು, ಶಿವಮೊಗ್ಗ

ಉತ್ತರ: ವಿಮಾನ ಸಾಗಣೆಯ ನಿಯಮಗಳಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗೂ ಉಪಕರಣದೊಳಗೆ ಕುಳಿತ ಬ್ಯಾಟರಿಗೂ ಭೇದವಿದೆ. ಬಿಡಿ ಬ್ಯಾಟರಿಗೆ ಯುಎನ್ 3480 ಎಂಬ ಅಪಾಯ ಸಂಖ್ಯೆ, ಉಪಕರಣದ ಜೊತೆಗಿದ್ದರೆ 3481. ಪವರ್ ಬ್ಯಾಂಕ್ ನೋಡಲು ಉಪಕರಣದಂತಿದ್ದರೂ ಮೊದಲ ವರ್ಗಕ್ಕೆ ಸೇರುತ್ತದೆ. 2016ರ ಏಪ್ರಿಲ್ 1ರಿಂದ ಬಿಡಿ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಒಯ್ಯುವುದು ನಿಷಿದ್ಧ. ಸರಕು ವಿಮಾನದಲ್ಲೂ ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರಕೂಡದೆಂಬ ನಿಯಮ ಅಂದಿನಿಂದಲೇ ಬಂದಿದೆ. ಒಂದು ಕೋಶ ಬಿಸಿಯೇರಿ ಹೊತ್ತಿಕೊಂಡರೆ ಪಕ್ಕದ ಕೋಶಗಳೂ ಸರಣಿಯಾಗಿ ಹೊತ್ತಿಕೊಳ್ಳುವುದು, ಸರಕಿನ ಕೋಣೆಯ ಅಗ್ನಿಶಾಮಕ ಅನಿಲಕ್ಕೂ ಅದು ಸುಲಭವಾಗಿ ಬಗ್ಗದಿರುವುದು ಇದಕ್ಕೆ ಕಾರಣ. ಒಂದೊಂದು ಪೊಟ್ಟಣಕ್ಕಾಗಿ ಈ ಗೋಜಲಿನಲ್ಲಿ ಬೀಳಲು ಮಾರಾಟಗಾರರು ಒಪ್ಪುವುದಿಲ್ಲ, ಅವರದು ತಪ್ಪೂ ಅಲ್ಲ.

ಪವರ್ ಬ್ಯಾಂಕನ್ನು ಇಲ್ಲೇ ಕೊಳ್ಳಿ, ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ನೋಡಿ ಕೊಳ್ಳಿ. ಪ್ರಯಾಣಿಕರ ಕೈಚೀಲದಲ್ಲಿ 100 ವ್ಯಾಟ್-ಅವರ್‌ವರೆಗಿನ ಪವರ್ ಬ್ಯಾಂಕ್ ತರಬಹುದು, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ ಕೂಡದು. 20,000 ಮಿಲಿಆಂಪಿಯರ್-ಅವರ್ ಎಂದರೆ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್.

ಪ್ರಶ್ನೆ: ಅಮೆರಿಕದ ಕಾಫಿ ಯಂತ್ರವೊಂದರ ಮೇಲೆ ಮನಸ್ಸಾಗಿದೆ. ಪ್ಲಗ್ಗಿಗೆ ಅಡಾಪ್ಟರ್ ಹಾಕಿದರೆ ಸಾಕೇ? ಮಗನಿಗೆ ಅಲ್ಲಿಯದೇ ಫೋನೂ ಬೇಕಂತೆ.
— ಗೃಹಿಣಿ, ಮೈಸೂರು

ಉತ್ತರ: ಸಾಲದು. ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವಿದ್ಯುತ್ತನ್ನಲ್ಲ. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಜಪಾನಿನದು 100 ವೋಲ್ಟ್. 120 ವೋಲ್ಟಿಗೆಂದು ಮಾಡಿದ ಬಿಸಿ ಸುರುಳಿಗೆ 230 ವೋಲ್ಟ್ ಕೊಟ್ಟರೆ ಅದು ಸುಮಾರು ಮೂರೂವರೆ ಪಟ್ಟು ಹೆಚ್ಚು ಶಕ್ತಿ ಎಳೆಯುತ್ತದೆ, ಮೊದಲ ಕಾಫಿಗೂ ಮೊದಲೇ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬಹುದು. ಆದರೆ 1,500 ವ್ಯಾಟಿನ ಯಂತ್ರಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರ್ ಕಾಫಿ ಯಂತ್ರಕ್ಕಿಂತ ಭಾರವಿದ್ದೀತು. ಲ್ಯಾಪ್‌ಟಾಪ್, ಫೋನ್, ಕ್ಯಾಮೆರಾ ಚಾರ್ಜರ್‌ಗಳ ಮೇಲೆ ಸಣ್ಣ ಅಕ್ಷರದಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಮಾತ್ರ ಬರಿಯ ಅಡಾಪ್ಟರ್ ಸಾಕು. ಬಿಸಿ ಮಾಡುವ, ತಿರುಗುವ ಯಾವುದೇ ಯಂತ್ರವನ್ನು ಅಮೆರಿಕದಿಂದ ತರಿಸಬೇಡಿ ಎಂಬುದು ನನ್ನ ಖಚಿತ ಸಲಹೆ.

ಫೋನಿನ ವಿಷಯದಲ್ಲಿ ಮಾದರಿ ಸಂಖ್ಯೆಯನ್ನು ನೋಡಿ, ಹೆಸರನ್ನಲ್ಲ. ಒಂದೇ ಹೆಸರಿನ ಫೋನು ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 2022ರ 14ನೇ ಸರಣಿಯಿಂದ ಸಿಮ್ ಕಾರ್ಡಿನ ತಟ್ಟೆಯೇ ಇಲ್ಲ, ಇ-ಸಿಮ್ ಮಾತ್ರ. ಜಪಾನಿನಲ್ಲಿ ಮಾರುವ ಫೋನುಗಳ ಕ್ಯಾಮೆರಾ ಸದ್ದನ್ನು ನಿಲ್ಲಿಸಲಾಗದಂತೆ ಮಾಡಿರುವುದು ವಾಡಿಕೆ. ನಮ್ಮಲ್ಲಿ ಜಿಯೊ 5ಜಿ 700 ಮೆಗಾಹರ್ಟ್ಸ್‌ನ ಎನ್28 ಮತ್ತು 3,300 ಮೆಗಾಹರ್ಟ್ಸ್ ಆಸುಪಾಸಿನ ಎನ್78 ಬ್ಯಾಂಡುಗಳನ್ನು ಬಳಸುತ್ತದೆ. ಫೋನಿನ ವಿವರಪಟ್ಟಿಯಲ್ಲಿ ಇವು ಇವೆಯೇ ಎಂದು ಮಗನೇ ನೋಡಲಿ. ಫೋನಿನ ವಾರಂಟಿಯನ್ನು ಮಾರಿದ ದೇಶಕ್ಕೇ ಸೀಮಿತಗೊಳಿಸುವ ಕಂಪನಿಗಳಿವೆ; ಇಲ್ಲಿನ ಸೇವಾ ಕೇಂದ್ರ ಮುಟ್ಟಲೂ ಒಪ್ಪದಿರಬಹುದು.

ಪ್ರಶ್ನೆ: ವಿದೇಶದಿಂದ ತರಿಸಿದ ಆಡಿಯೊ ಉಪಕರಣ ಬಹಳ ದಿನಗಳಿಂದ ‘ಕಸ್ಟಮ್ಸ್‌ನಲ್ಲಿದೆ’ ಎಂದಷ್ಟೇ ತೋರಿಸುತ್ತಿದೆ. ಯಾರನ್ನು ಕೇಳಬೇಕು?
— ಸಂಗೀತ ಶಿಕ್ಷಕರು, ಬೆಳಗಾವಿ

ಉತ್ತರ: ಮೊದಲು ಅದು ಅಂಚೆಯಲ್ಲಿ ಬಂದಿದೆಯೋ ಕೊರಿಯರಿನಲ್ಲಿ ಬಂದಿದೆಯೋ ತಿಳಿದುಕೊಳ್ಳಿ. ಟ್ರ್ಯಾಕಿಂಗ್ ಸಂಖ್ಯೆ ಎರಡು ಅಕ್ಷರದಿಂದ ಆರಂಭವಾಗಿ, ಒಂಬತ್ತು ಅಂಕಿ ಇದ್ದು, ಕೊನೆಗೆ ಕಳುಹಿಸಿದ ದೇಶದ ಎರಡಕ್ಷರದ ಸಂಕೇತ ಇದ್ದರೆ ಅದು ಅಂಚೆಯದು. ಅದು ವಿಶ್ವ ಅಂಚೆ ಒಕ್ಕೂಟದ ಮಾದರಿ; ಇಂಗ್ಲಿಷಿನ ಇ ಅಕ್ಷರದಿಂದ ಆರಂಭವಾದರೆ ಶೀಘ್ರ ಅಂಚೆ, ಆರ್ ಆದರೆ ರಿಜಿಸ್ಟರ್ಡ್, ಸಿ ಆದರೆ ಪಾರ್ಸೆಲ್. ಅದೇ ಸಂಖ್ಯೆಯನ್ನು ಭಾರತೀಯ ಅಂಚೆಯ ತಾಣದಲ್ಲಿ ಹಾಕಿ ನೋಡಬಹುದು. ಅಂಚೆಯ ಸಾಮಾನಿಗೆ ಬೆಂಗಳೂರಿನಂಥ ಊರುಗಳ ಫಾರಿನ್ ಪೋಸ್ಟ್ ಆಫೀಸಿನಲ್ಲಿ ಸುಂಕ ಹಾಕಿ, ಚೀಟಿ ಅಂಟಿಸಿ ಕಳುಹಿಸುತ್ತಾರೆ. ಹಣವನ್ನು ಅಂಚೆಯವರೇ ಪೊಟ್ಟಣ ಕೊಡುವಾಗ ಪಡೆಯುತ್ತಾರೆ. ಇದು ನಿಧಾನ, ಆದರೆ ಗಲಾಟೆ ಕಡಿಮೆ.

ಕೊರಿಯರಿನದಾದರೆ ತಡವಾಗಲು ಹೆಚ್ಚಾಗಿ ಕಾರಣ ನಿಮ್ಮ ಕಡೆಯ ಕಾಗದ. ಆಮದುದಾರರ ಗುರುತಿನ ಪುರಾವೆಯಿಲ್ಲದೆ ಕಂಪನಿ ಘೋಷಣೆ ಸಲ್ಲಿಸುವಂತಿಲ್ಲ. ಆಧಾರ್, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಕೇಳಿ ಕಳುಹಿಸಿದ ಇ-ಮೇಲ್ ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದಿರಬಹುದು, ಅಲ್ಲಿ ಹುಡುಕಿ. ಪೊಟ್ಟಣದ ಮೇಲಿನ ಹೆಸರು ಮತ್ತು ಗುರುತಿನ ಚೀಟಿಯ ಹೆಸರು ಒಂದೇ ಆಗಿರಬೇಕು. ಮನೆಯಲ್ಲಿ ಕರೆಯುವ ಹೆಸರಿನಲ್ಲಿ ಆರ್ಡರ್ ಮಾಡಿದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಸ್ವಂತ ಬಳಕೆಗಾದರೆ ವ್ಯಾಪಾರಿಗಳಿಗೆ ಬೇಕಾಗುವ ಆಮದು-ರಫ್ತು ಸಂಕೇತ ಬೇಕಿಲ್ಲ. ಆದರೆ ಒಂದೇ ಬಗೆಯ ಮೈಕುಗಳನ್ನು ಶಿಷ್ಯರಿಗೆಲ್ಲ ಸೇರಿಸಿ ತರಿಸಿದರೆ ಅಧಿಕಾರಿ ಅದನ್ನು ವ್ಯಾಪಾರದ ಸರಕೆಂದು ಭಾವಿಸಲು ಕಾರಣವಿದೆ. ಬೇಗ ಉತ್ತರಿಸಿ. ಗೋದಾಮಿನ ಬಾಡಿಗೆ ದಿನಕ್ಕಿಷ್ಟೆಂದು ಬೆಳೆಯುತ್ತದೆ, ಮತ್ತು 30 ದಿನಗಳಲ್ಲಿ ಬಿಡಿಸಿಕೊಳ್ಳದ ಸರಕನ್ನು ನೋಟಿಸು ಕೊಟ್ಟು ಮಾರಲು ಸೀಮಾಸುಂಕ ಕಾಯಿದೆಯ 48ನೇ ಕಲಮು ಅವಕಾಶ ಕೊಡುತ್ತದೆ.

ಪ್ರಶ್ನೆ: ನಾನು ಏನನ್ನೂ ತರಿಸಿಲ್ಲ. ಆದರೂ ‘ಮುಂಬೈ ಕಸ್ಟಮ್ಸ್‌ನಿಂದ’ ಕರೆ ಬಂದು, ನನ್ನ ಹೆಸರಿನ ಪಾರ್ಸೆಲ್ಲಿನಲ್ಲಿ ನಿಷಿದ್ಧ ವಸ್ತುವಿದೆ, ತಕ್ಷಣ ಹಣ ಕಟ್ಟಿ ಎಂದರು.
— ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಅದು ಶುದ್ಧ ವಂಚನೆ. ಕರೆ ಕಡಿದುಬಿಡಿ. ಕಸ್ಟಮ್ಸ್ ಅಧಿಕಾರಿಗಳು ಸುಂಕವನ್ನು ವ್ಯಕ್ತಿಯೊಬ್ಬರ ಖಾತೆಗೋ ಯುಪಿಐ ಸಂಖ್ಯೆಗೋ ಕೇಳುವುದಿಲ್ಲ. 2019ರ ನವೆಂಬರ್ 8ರಿಂದ ಪರೋಕ್ಷ ತೆರಿಗೆ ಮಂಡಳಿಯ ಅಧಿಕಾರಿಗಳು ಕಳುಹಿಸುವ ಪತ್ರ, ಸಮನ್ಸ್‌ಗಳಲ್ಲಿ ದಾಖಲೆ ಗುರುತಿನ ಸಂಖ್ಯೆ ಇರಬೇಕೆಂಬ ನಿಯಮವಿದ್ದು, ಅದು ನಿಜವೇ ಎಂದು ಮಂಡಳಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ವಿಡಿಯೊ ಕರೆಯಲ್ಲಿ ಕೂರಿಸಿ ‘ಡಿಜಿಟಲ್ ಬಂಧನ’ ಎನ್ನುವುದಕ್ಕೆ ನಮ್ಮ ಕಾನೂನಿನಲ್ಲಿ ಸ್ಥಾನವೇ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ನಿಜವಾಗಿ ಏನಾದರೂ ತರಿಸಿದವರು ಇಂಥ ಕರೆಗೆ ಬೇಗ ಮೋಸ ಹೋಗುತ್ತಾರೆ. ಅವರು ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ಕೊರಿಯರ್ ಕಂಪನಿಯ ತಾಣವನ್ನು ತಾವೇ ತೆರೆದು ಟ್ರ್ಯಾಕಿಂಗ್ ಸಂಖ್ಯೆ ಹಾಕಿ ಅಲ್ಲಿ ತೋರಿಸಿದ ಸುಂಕವನ್ನೇ ಕಟ್ಟಬೇಕು.

ಪ್ರಶ್ನೆ: ಸುಂಕ ಕಟ್ಟಿ ಬಿಡಿಸಿಕೊಂಡ ಮಾನಿಟರ್ ಕೆಟ್ಟದ್ದು ಬಂದಿದೆ. ಮಾರಿದವರು ಹಿಂದಕ್ಕೆ ಕಳುಹಿಸಿ ಎನ್ನುತ್ತಾರೆ. ಕಟ್ಟಿದ ಸುಂಕ ವಾಪಸು ಬರುತ್ತದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಸೀಮಾಸುಂಕ ಕಾಯಿದೆಯಲ್ಲಿ ದಾರಿಯಿದೆ, ಸಮಯ ಮಾತ್ರ ಕಡಿಮೆ. 26ಎ ಕಲಮಿನ ಪ್ರಕಾರ ದೋಷವಿರುವ ಅಥವಾ ಒಪ್ಪಿದ ವಿವರಕ್ಕೆ ಹೊಂದದ ವಸ್ತುವನ್ನು, ದೋಷ ಕಂಡುಹಿಡಿಯಲು ಬೇಕಾದಷ್ಟು ಬಿಟ್ಟು ಬಳಸದೆ, ಬಿಡುಗಡೆಯ ಆದೇಶದಿಂದ 30 ದಿನಗಳೊಳಗೆ ಹಿಂದಕ್ಕೆ ರಫ್ತು ಮಾಡಿದರೆ ಸುಂಕ ಮರಳಿ ಪಡೆಯಬಹುದು. ಆ ಅವಧಿ ಮೀರಿದ್ದರೆ 74ನೇ ಕಲಮಿದೆ: ಸುಂಕ ಕಟ್ಟಿದ ಎರಡು ವರ್ಷಗಳೊಳಗೆ ಅದೇ ವಸ್ತುವೆಂದು ಗುರುತು ತೋರಿಸಿ ಮರುರಫ್ತು ಮಾಡಿದರೆ ಶೇ 98ರವರೆಗೆ ಸಿಗುತ್ತದೆ, ಬಳಸಿದ್ದರೆ ಬಳಕೆಯ ಕಾಲಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಎರಡಕ್ಕೂ ರಫ್ತಿನ ದಾಖಲೆಯಲ್ಲಿ ಮೊದಲ ಬಿಲ್ ಆಫ್ ಎಂಟ್ರಿಯ ಉಲ್ಲೇಖ, ಸರಣಿ ಸಂಖ್ಯೆ ಎಲ್ಲ ಹೊಂದಿರಬೇಕು. ಸಾಮಾನ್ಯ ಕೊರಿಯರ್ ಮಳಿಗೆಗೆ ಹೋಗಿ ಪೆಟ್ಟಿಗೆ ಕೊಟ್ಟುಬಂದವರಿಗೆ ಆಮೇಲೆ ಏನೂ ಸಿಗುವುದಿಲ್ಲ.

ನಿಮ್ಮ ಸುಂಕ ಕೆಲವು ಸಾವಿರದ ಒಳಗಿದ್ದರೆ ಈ ಓಡಾಟಕ್ಕೆ ಬೆಲೆಯಿಲ್ಲವೆಂದೇ ನನ್ನ ಅಭಿಪ್ರಾಯ. ಮಾರಿದವರೊಡನೆ ಭಾಗಶಃ ಹಣ ವಾಪಸಾತಿಗೆ ಮಾತಾಡಿ. ಅವರು ಜಗ್ಗದಿದ್ದರೆ ಫೋಟೊ, ಸಂಭಾಷಣೆಗಳ ಪ್ರತಿಯೊಂದಿಗೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕೊಟ್ಟ ಹಣದ ವಾಪಸಾತಿ, ಕೋರಿ. 2020ರ ಇ-ವಾಣಿಜ್ಯ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ತಾಣಗಳಿಗೂ ಅನ್ವಯಿಸುತ್ತವೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 1915 ಸಹಾಯವಾಣಿಯೂ ಇದೆ. ಆದರೆ ಇಲ್ಲಿ ಕಚೇರಿಯೇ ಇಲ್ಲದ ಅಂಗಡಿಯಿಂದ ಆದೇಶದ ಹಣ ವಸೂಲು ಮಾಡುವುದು ಬೇರೆಯೇ ಕಷ್ಟ. ಕಾರ್ಡಿನ ಮೂಲಕ ಪಾವತಿಸಿ, ನೇರ ಬ್ಯಾಂಕ್ ವರ್ಗಾವಣೆ ಬೇಡ ಎಂದು ನಾವು ಹೇಳುತ್ತ ಬಂದಿರುವುದು ಇದಕ್ಕೇ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ. ಉಡುಪಿಯ ತಂದೆ-ತಾಯಿಗೆ ದೊಡ್ಡ ಟಿ.ವಿ. ತರಬೇಕೆಂದಿದೆ.
— ಓದುಗರು, ಮಸ್ಕತ್

ಉತ್ತರ: ತರಬೇಡಿ. ಚಪ್ಪಟೆ ಪರದೆಯ ಟಿ.ವಿ.ಗಳನ್ನು 2013ರ ಆಗಸ್ಟ್‌ನಿಂದ ಪ್ರಯಾಣಿಕರ ಸುಂಕರಹಿತ ಮಿತಿಯಿಂದ ಹೊರಗಿಡಲಾಗಿದೆ. ಭಾರತದ ತಾಣದಲ್ಲಿ ಆರ್ಡರ್ ಮಾಡಿ ಉಡುಪಿಯ ವಿಳಾಸ ಕೊಡಿ. ವಾರಂಟಿ ಇಲ್ಲಿಯದೇ ಇರುತ್ತದೆ, ಗೋಡೆಗೆ ಕೂರಿಸಲು ಕಂಪನಿಯವರೇ ಬರುತ್ತಾರೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಇಲ್ಲಿಂದ ಟೇಬಲ್ ಟಾಪ್ ಗ್ರೈಂಡರ್ ಕಳುಹಿಸಬಹುದೇ? 800 ಡಾಲರಿನವರೆಗೆ ಅಲ್ಲಿ ಸುಂಕವಿಲ್ಲ ಎಂದು ಕೇಳಿದ್ದೇನೆ.
— ಓದುಗರು, ತುಮಕೂರು

ಉತ್ತರ: ಆ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಮಟ್ಟಿಗೂ ನಿಲ್ಲಿಸಿತು. ಹೊಸ ವ್ಯವಸ್ಥೆಯಲ್ಲಿ ಸುಂಕ ಯಾರು, ಹೇಗೆ ವಸೂಲು ಮಾಡಬೇಕೆಂಬುದು ಸ್ಪಷ್ಟವಾಗದೆ ಆ ದಿನಗಳಲ್ಲಿ ಭಾರತೀಯ ಅಂಚೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿತ್ತು. ಕಳುಹಿಸುವ ದಿನ ಅಂಚೆ ಅಥವಾ ಕೊರಿಯರ್ ಕಚೇರಿಯಲ್ಲಿ ದರ ಕೇಳಿ, ಸುಂಕವನ್ನು ಇಲ್ಲೇ ಮುಂಗಡವಾಗಿ ಕಟ್ಟುವ ವ್ಯವಸ್ಥೆಯನ್ನೇ ಆರಿಸಿಕೊಳ್ಳಿ, ಮಗಳ ಬಾಗಿಲಿಗೆ ಬಿಲ್ಲು ಹೋಗುವುದು ತಪ್ಪುತ್ತದೆ. ಗ್ರೈಂಡರ್ ಕೊಳ್ಳುವಾಗ ಅಲ್ಲಿನ 120 ವೋಲ್ಟಿಗೆ ಹೊಂದುವ ಮಾದರಿಯನ್ನೇ ಕೇಳಿ. ಅಮೆರಿಕಕ್ಕೆಂದೇ ಅದನ್ನು ಮಾಡುವ ಕಂಪನಿಗಳು ಕೊಯಮತ್ತೂರಿನಲ್ಲಿವೆ, ಮತ್ತು ಅವನ್ನು ಮಾರುವ ಅಂಗಡಿಗಳು ನ್ಯೂಜೆರ್ಸಿಯಲ್ಲೂ ಇವೆ. ಕಲ್ಲಿನ ತೂಕಕ್ಕೆ ವಿಮಾನದ ಬಾಡಿಗೆ ಕೊಡುವ ಮೊದಲು ಅಲ್ಲಿನ ಬೆಲೆಯನ್ನು ಮಗಳಿಂದ ಒಮ್ಮೆ ಕೇಳಿಸಿಕೊಳ್ಳಿ.